ಪೈಮಾಲ್‌ನಲ್ಲಿ ಅರ್ಧ ಹಿಮೋಗ್ಲೋಬಿನ್ ಮಾತ್ರ ಕಂಡರೆ

ನಿನ್ನೆ ಸಂಜೆಯೆಲ್ಲ ಇದರಲ್ಲೇ ಹೋಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಪೈಮಾಲ್ (ಅಣುಗಳ ರಚನೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಾಫ್ಟ್‌ವೇರ್) ಹಾಕಿಕೊಳ್ಳುವುದು, ಮೌಸ್‌ನಲ್ಲಿ ತಿರುಗಿಸುವುದು ಗೊತ್ತಿದ್ದರೆ ಸಾಕು. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಹಿಮೋಗ್ಲೋಬಿನ್‌ಗೆ ನಾಲ್ಕು ಪ್ರೋಟೀನ್ ಸರಪಳಿ ಅಲ್ವಾ? ಎರಡು ಆಲ್ಫಾ, ಎರಡು ಬೀಟಾ. ಆಮ್ಲಜನಕ ಹಿಡಿದುಕೊಂಡ ರೂಪ ನೋಡೋಣ ಅಂತ, ಪಿಡಿಬಿ ಎಂಬ ಪ್ರೋಟೀನ್ ರಚನೆಗಳ ಭಂಡಾರದಲ್ಲಿ ಅದಕ್ಕಿರುವ ಗುರುತು ಹಾಕಿ ‘ಫೆಚ್ 1ಎಚ್‌ಎಚ್‌ಒ’ ಕೊಟ್ಟೆ. ಬಂದದ್ದು ಎರಡೇ ಸರಪಳಿ, ಎರಡೇ ಹೀಮ್ (ಆಮ್ಲಜನಕ ಹಿಡಿಯುವ, ಕಬ್ಬಿಣ ಇರುವ ಭಾಗ). ಫೈಲ್ ಪೂರ್ತಿ ಇಳಿದಿಲ್ಲ ಅಂದುಕೊಂಡು ಮತ್ತೆ ಮತ್ತೆ ಇಳಿಸಿದೆ. ಆಮ್ಲಜನಕವಿಲ್ಲದ 4ಎಚ್‌ಎಚ್‌ಬಿ ತಂದರೆ ಮಾತ್ರ ನಾಲ್ಕೂ ಒಮ್ಮೆಲೇ ಬಂದವು. ಗೊಂದಲ ಇನ್ನೂ ಜಾಸ್ತಿಯಾಯಿತು.

ಕಾರಣ ಹರಳಿನಲ್ಲಿದೆ. ಈ ರಚನೆಗಳನ್ನು ಕಂಡುಹಿಡಿದದ್ದು ಹಿಮೋಗ್ಲೋಬಿನ್ನಿನ ಹರಳುಗಳಿಂದ. ಇಸ್ಪೀಟಿನ ರಾಜನ ಎಲೆ ನೆನಪಿಸಿಕೊಳ್ಳಿ. ಮೇಲಿನ ಅರ್ಧವನ್ನು 180 ಡಿಗ್ರಿ ತಿರುಗಿಸಿದರೆ ಕೆಳಗಿನ ಅರ್ಧ ಸಿಗುತ್ತದೆ. ಅರ್ಧ ಚಿತ್ರ, ಜೊತೆಗೆ ‘ಹೀಗೆ ತಿರುಗಿಸು’ ಅನ್ನುವ ಸೂಚನೆ ಇದ್ದರೆ ಎಲೆ ಪೂರ್ತಿಯಾಯಿತು. ಹರಳಿನ ರಚನೆಯ ಫೈಲಿನಲ್ಲೂ ಹೀಗೇ. ಸಮಮಿತಿಯಿಂದ ಮತ್ತೆ ಮತ್ತೆ ಬರುವ ಭಾಗದ ಒಂದೇ ಪ್ರತಿ ಇರುತ್ತದೆ. ಅದು ಅಸಿಮ್ಮೆಟ್ರಿಕ್ ಯೂನಿಟ್. ರಕ್ತದಲ್ಲಿ ನಿಜವಾಗಿ ಕೆಲಸ ಮಾಡುವ ಪೂರ್ತಿ ಜೋಡಣೆ ಬಯಲಾಜಿಕಲ್ ಅಸೆಂಬ್ಲಿ. 1ಎಚ್‌ಎಚ್‌ಒದಲ್ಲಿ ಮೊದಲನೆಯದು ಎರಡನೆಯದರ ಅರ್ಧ ಅಷ್ಟೇ. 4ಎಚ್‌ಎಚ್‌ಬಿಯಲ್ಲಿ ಎರಡೂ ಒಂದೇ, ಅದಕ್ಕೇ ಅಲ್ಲಿ ನಾಲ್ಕೂ ಬಂದವು. ಪಿಡಿಬಿ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ‘ರಿಮಾರ್ಕ್ 350’ ಹುಡುಕಿ. ತಿರುಗಿಸುವ ಸೂಚನೆ ಅಂಕಿಗಳಲ್ಲಿ ಅಲ್ಲೇ ಇದೆ.

ಪರಿಹಾರ: ‘ಡಿಲೀಟ್ ಆಲ್’ ಕೊಡಿ. ಆಮೇಲೆ ಬಯಲಾಜಿಕಲ್ ಅಸೆಂಬ್ಲಿಯನ್ನು ತರಿಸುವ ‘ಫೆಚ್ 1ಎಚ್‌ಎಚ್‌ಒ, ಟೈಪ್=ಪಿಡಿಬಿ1’.

ಇಷ್ಟಾದರೂ ಅರ್ಧವೇ ಕಾಣುತ್ತದೆ! ನಾನು ಕೈಬಿಟ್ಟದ್ದು ಇಲ್ಲೇ. ಬಲಗಡೆ ಕೆಳಗೆ ‘ಸ್ಟೇಟ್ 1/2’ ಅಂತ ಇರುತ್ತದೆ, ಅದನ್ನು ನೋಡಿ. ಎರಡು ಅರ್ಧಗಳು ಎರಡು ಸ್ಟೇಟ್‌ಗಳಾಗಿ ಬಂದಿವೆ, ಪೈಮಾಲ್ ಒಂದು ಸಲಕ್ಕೆ ಒಂದನ್ನೇ ತೋರಿಸುತ್ತದೆ. ಬಲ ಬಾಣದ ಕೀ ಒತ್ತಿ, ಇನ್ನೊಂದು ಅರ್ಧ ಪಕ್ಕದ ಜಾಗದಲ್ಲಿ ಕಾಣುತ್ತದೆ. ಎರಡೂ ಒಟ್ಟಿಗೆ ಬೇಕಾದರೆ ‘ಸೆಟ್ ಆಲ್_ಸ್ಟೇಟ್ಸ್, ಆನ್’.

ಸುಮ್ನೆ ನೋಡಲು ಇಷ್ಟು ಸಾಕು, ಬಣ್ಣ ಹಚ್ಚಲು ಸಾಲದು. ಎರಡು ಅರ್ಧಗಳಲ್ಲೂ ಸರಪಳಿಗಳ ಹೆಸರು ಎ, ಬಿ ಅಂತಲೇ ಇದೆ. ‘ಚೈನ್ ಎ’ ಅಂದರೆ ಎರಡೂ ಆಲ್ಫಾಗಳಿಗೆ ಒಂದೇ ಬಣ್ಣ ಬೀಳುತ್ತದೆ. ಅದಕ್ಕೇ ‘ಸ್ಪ್ಲಿಟ್_ಸ್ಟೇಟ್ಸ್ 1ಎಚ್‌ಎಚ್‌ಒ’ ಕೊಟ್ಟು, ಹಳೆಯದನ್ನು ‘ಡಿಲೀಟ್ 1ಎಚ್‌ಎಚ್‌ಒ’ ಅಂತ ತೆಗೆದುಹಾಕಿ. ಈಗ ಒಂದೊಂದು ಅರ್ಧವೂ ಬೇರೆ ಆಬ್ಜೆಕ್ಟ್, ಬೇಕಾದ ಬಣ್ಣ ಕೊಡಬಹುದು. ಸರಿಯಾಯಿತೇ ಅಂತ ನೋಡಲು ಕಬ್ಬಿಣದ ಪರಮಾಣುಗಳನ್ನು ಎಣಿಸಿ: ‘ಕೌಂಟ್_ಆಟಮ್ಸ್ ನೇಮ್ ಎಫ್‌ಇ’. ಉತ್ತರ 4 ಬರಬೇಕು.

ಬಂದ ಮೇಲೆ ಒಂದು ಕಬ್ಬಿಣದ ಹತ್ತಿರ ಜೂಮ್ ಮಾಡಿ. ಒಂದು ಬದಿಯಲ್ಲಿ ಅದನ್ನು ಹಿಡಿದಿರುವ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ ಇದೆ. ಆಲ್ಫಾ ಸರಪಳಿಯಲ್ಲಿ ಅದರ ಕ್ರಮಸಂಖ್ಯೆ 87, ಬೀಟಾದಲ್ಲಿ 92. ಇನ್ನೊಂದು ಬದಿಯಲ್ಲಿ ಆಮ್ಲಜನಕ ಸ್ವಲ್ಪ ಓರೆಯಾಗಿ ಕೂತಿದೆ.