ಪದ ಪರಿಚಯ: ಓರಿಜೆನಿಸಂ

ಓರಿಜೆನಿಸಂ ಅಂದರೆ ಓರಿಜೆನ್ ಹೇಳಿದ್ದು, ಅಷ್ಟೇ ಅಲ್ವಾ? ಈ ಪದದ ತಕರಾರು ಶುರುವಾಗುವುದೇ ಅಲ್ಲಿ.

ಓರಿಜೆನ್ ಈಜಿಪ್ಟಿನ ಅಲೆಕ್ಸಾಂಡ್ರಿಯದ ಕ್ರೈಸ್ತ ಪಂಡಿತ. ಕಾಲ ಸುಮಾರು ಕ್ರಿ.ಶ. 185ರಿಂದ 253. ಅವನ ಹೆಸರಿಗೆ ಅಂಟಿಕೊಂಡ ಮಾತುಗಳಲ್ಲಿ ಎರಡು ಮುಖ್ಯ. ಹುಟ್ಟುವ ಮುಂಚೆಯೇ ಆತ್ಮಗಳು ಇದ್ದವು ಅನ್ನುವುದು ಒಂದು. ಕೊನೆಗೊಂದು ದಿನ ಸೈತಾನನೂ ಸೇರಿ ಎಲ್ಲರೂ ದೇವರ ಬಳಿಗೆ ಮರಳುತ್ತಾರೆ ಅನ್ನುವುದು ಇನ್ನೊಂದು. ಈ ಮರಳುವಿಕೆಗೆ ಗ್ರೀಕಿನಲ್ಲಿ ಅಪೊಕಟಾಸ್ಟಸಿಸ್ ಎನ್ನುತ್ತಾರೆ. ಆತ ಸತ್ತು 300 ವರ್ಷವಾದ ಮೇಲೆ, 553ರಲ್ಲಿ, ಕಾನ್‌ಸ್ಟಾಂಟಿನೋಪಲ್‌ನಲ್ಲಿ ಇದಕ್ಕೆಲ್ಲ ಚರ್ಚಿನ ಬಹಿಷ್ಕಾರ ಬಿತ್ತು.

ಸೈತಾನನೂ ಉದ್ಧಾರವಾಗುತ್ತಾನೆ ಅನ್ನುವ ಮಾತಿನ ಗಲಾಟೆ ಓರಿಜೆನ್ ಬದುಕಿದ್ದಾಗಲೇ ಎದ್ದಿತ್ತು. ತಲೆ ಕೆಟ್ಟವನೂ ಹಾಗೆ ಹೇಳಲಾರ ಎಂದು ಗೆಳೆಯರಿಗೆ ಬರೆದ ಪತ್ರದಲ್ಲಿ ಆತ ಸಿಡುಕಿದ್ದಾನೆ. ತನ್ನ ವಾದದ ಬರಹವನ್ನು ತಿದ್ದಿ ಹಂಚಿದ್ದಾರೆ ಅಂತಲೂ ದೂರಿದ್ದಾನೆ.

ಹಾಗಾದರೆ ನಿಜಕ್ಕೂ ಹೇಳಿದ್ದೇನು? ಅವನ 'ಪೆರಿ ಆರ್ಖೋನ್' (ಮೂಲತತ್ವಗಳ ಕುರಿತು) ಗ್ರಂಥದ ಗ್ರೀಕ್ ಮೂಲ ಬಹುಪಾಲು ಕಳೆದುಹೋಗಿದೆ. ಪೂರ್ತಿಯಾಗಿ ಉಳಿದಿರುವುದು ಓರಿಜೆನ್‌ನ ಅಭಿಮಾನಿ ರುಫೀನಸ್‌ನ ಲ್ಯಾಟಿನ್ ಅನುವಾದ. ಅನುಮಾನ ಹುಟ್ಟಿಸುವ ಕಡೆ ಕೈಯಾಡಿಸಿದ್ದೇನೆ ಎಂದು ಅವನೇ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾನೆ. 1913ರಲ್ಲಿ ಜರ್ಮನಿಯ ಪಾಲ್ ಕೋಚೌ ಇದನ್ನು ಸರಿಪಡಿಸಲು ಹೋದರು. ಓರಿಜೆನ್‌ನ ವಿರೋಧಿಗಳು ಎತ್ತಿ ತೋರಿಸಿದ್ದ ಸಾಲುಗಳನ್ನೇ ತಂದು ನಡುನಡುವೆ ಸೇರಿಸಿದರು. ಒಬ್ಬರು ಸುಣ್ಣ ಬಳಿದರೆ ಇನ್ನೊಬ್ಬರು ಮಸಿ ಬಳಿದ ಹಾಗಾಯಿತು.

ದೊಡ್ಡ ತಿರುವು ಬಂದದ್ದು 1962ರಲ್ಲಿ. ಎವಾಗ್ರಿಯಸ್ ಎಂಬ 4ನೇ ಶತಮಾನದ ಸನ್ಯಾಸಿ ಓರಿಜೆನ್‌ನನ್ನು ಓದಿ ಬೆಳೆದವನು. ಅವನ ಕೃತಿಯೊಂದರ, ಯಾರೂ ಕತ್ತರಿ ಹಾಕದ ಸಿರಿಯಾಕ್ (ಪೂರ್ವದ ಕ್ರೈಸ್ತರ ಹಳೆಯ ಭಾಷೆ) ಅನುವಾದ ಫ್ರಾನ್ಸಿನ ಪಂಡಿತ ಆಂಟ್ವಾನ್ ಗಿಯೊಮೋಂಗೆ ಸಿಕ್ಕಿತ್ತು. 553ರ ಬಹಿಷ್ಕಾರದ ಸಾಲುಗಳ ಪಕ್ಕ ಅದನ್ನಿಟ್ಟು ನೋಡಿದರು. ಹೊಂದಿದ್ದು ಎವಾಗ್ರಿಯಸ್‌ಗೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಹಾಗಂತ ಓರಿಜೆನ್‌ನನ್ನು ಸುಮ್ನೆ ಬಿಟ್ಟುಬಿಡಲೂ ಆಗುವುದಿಲ್ಲ. ಕೊನೆ ಯಾವಾಗಲೂ ಮೊದಲಿನ ಹಾಗೇ ಇರುತ್ತದೆ ಎಂದವನು ಅವನೇ. ಆದರೆ ಅವನದು ಜಾಸ್ತಿ ಪಾಲು ಹುಡುಕಾಟದ ದನಿ. ಹೀಗೂ ಇರಬಹುದು, ಓದುವವರೇ ತೂಗಿ ನೋಡಲಿ ಅನ್ನುವ ರೀತಿ. ಆ 'ಇರಬಹುದು'ಗಳನ್ನು ಸಿದ್ಧಾಂತ ಮಾಡಿದ್ದು ಹಿಂದೆ ಬಂದವರು ಅಂತ ನನಗನಿಸುತ್ತದೆ.

2012ರಲ್ಲಿ ಮ್ಯೂನಿಕ್‌ನ ಗ್ರಂಥಾಲಯದಲ್ಲಿ ಹಸ್ತಪ್ರತಿಗಳ ಪಟ್ಟಿ ಮಾಡುತ್ತಿದ್ದ ಮರೀನಾ ಮೊಲಿನ್ ಪ್ರಡೆಲ್ ಒಂದು ಹಳೆಯ ಗ್ರೀಕ್ ಪ್ರತಿ ಬಿಡಿಸಿದರು. ಬೈಬಲಿನ ಕೀರ್ತನೆಗಳ ಮೇಲಿನ 29 ಪ್ರವಚನಗಳು. ಅವುಗಳಲ್ಲಿ ನಾಲ್ಕು, ರುಫೀನಸ್ ಲ್ಯಾಟಿನ್‌ಗೆ ತಂದಿದ್ದ ಓರಿಜೆನ್‌ನ ಪ್ರವಚನಗಳಿಗೆ ತಾಳೆಯಾದವು. ಎಲ್ಲವೂ ಓರಿಜೆನ್‌ನವೇ. ಪ್ರತಿಯಲ್ಲಿ ಮಾತ್ರ ಅವನ ಹೆಸರಿರಲಿಲ್ಲ.