ಕೈಯಲ್ಲಿ ಓಡುತ್ತೆ, ಕ್ರಾನ್‌ನಲ್ಲಿ ಕೈ ಕೊಡುತ್ತೆ

ಡೇಟಾಬೇಸ್‌ನ ಡಂಪ್, ಅಂದರೆ ಅದರ ನಕಲು, ತೆಗೆಯುವ ಸ್ಕ್ರಿಪ್ಟ್ (ಆದೇಶಗಳ ಫೈಲ್) ಒಂದಿದೆ. ಟರ್ಮಿನಲ್‌ನಲ್ಲಿ ನೀವೇ ಓಡಿಸಿದರೆ ಸಲೀಸಾಗಿ ಓಡುತ್ತದೆ. ದಿನಾ ರಾತ್ರಿ ಓಡಿಸು ಎಂದು ಕ್ರಾನ್‌ಗೆ, ಅಂದರೆ ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಪ್ರೋಗ್ರಾಂಗೆ, ಒಪ್ಪಿಸಿದರೆ ಮಾತ್ರ ಎಡವಟ್ಟು. ಸ್ಕ್ರಿಪ್ಟ್ ಅದೇ, ಮಷೀನೂ ಅದೇ ಅಲ್ವಾ?

ಅದೇ ಹೌದು. ಆದರೆ ನೀವು ಲಾಗಿನ್ ಆದಾಗ ಶೆಲ್ (ನಿಮ್ಮ ಆದೇಶಗಳನ್ನು ಓದಿ ಓಡಿಸುವ ಪ್ರೋಗ್ರಾಂ) ನಿಮ್ಮ ಸೆಟ್ಟಿಂಗ್ ಫೈಲುಗಳನ್ನು ಓದಿಕೊಂಡಿರುತ್ತದೆ. ಪ್ರೋಗ್ರಾಂಗಳನ್ನು ಎಲ್ಲೆಲ್ಲಿ ಹುಡುಕಬೇಕು ಎಂಬ ಪಟ್ಟಿ, ಅಂದರೆ ‘ಪಾತ್’, ಅದಕ್ಕೆ ಸಿಗುವುದು ಅಲ್ಲಿಂದಲೇ. ಕ್ರಾನ್ ಆ ಫೈಲುಗಳ ತಂಟೆಗೇ ಹೋಗುವುದಿಲ್ಲ. ಅದರ ಪಟ್ಟಿಯಲ್ಲಿ ಹಲವು ಕಡೆ ಇರುವುದು ಎರಡೇ ಫೋಲ್ಡರ್. ಡಂಪ್ ಪ್ರೋಗ್ರಾಂ ಬೇರೆಲ್ಲೋ ಇದ್ದರೆ ‘ಕಮಾಂಡ್ ನಾಟ್ ಫೌಂಡ್’. ಪೂರ್ತಿ ವಿಳಾಸ ಬರೆದರೆ ಮುಗಿಯಿತು.

ಶೇಕಡಾ ಚಿಹ್ನೆಯ ಕಾಟ ಇನ್ನೂ ವಿಚಿತ್ರ. ಫೈಲಿನ ಹೆಸರಿಗೆ ತಾರೀಕು ಸೇರಿಸಲು ಆ ಚಿಹ್ನೆ ಬೇಕೇ ಬೇಕು. ಕ್ರಾನ್‌ಟ್ಯಾಬ್‌ನ, ಅಂದರೆ ಕ್ರಾನ್‌ನ ಕೆಲಸದ ಪಟ್ಟಿಯ, ಸಾಲಿನಲ್ಲಿ ಅದು ಕಂಡರೆ, ಕ್ರಾನ್ ಆದೇಶವನ್ನು ಅಲ್ಲಿಗೇ ಕತ್ತರಿಸಿ, ಉಳಿದದ್ದನ್ನು ಆ ಆದೇಶಕ್ಕೆ ಇನ್‌ಪುಟ್ ಆಗಿ ಉಣಿಸುತ್ತದೆ! ಚಿಹ್ನೆಗೆ ಮೊದಲು ಬ್ಯಾಕ್‌ಸ್ಲ್ಯಾಶ್ ಹಾಕಬೇಕು, ಇಲ್ಲವೇ ಆದೇಶವನ್ನು ಸ್ಕ್ರಿಪ್ಟ್ ಫೈಲಿನೊಳಗೇ ಬರೆಯಬೇಕು.

ಇವೆರಡೂ ಎರರ್ ತೋರಿಸುತ್ತವೆ, ವಾಸಿ. ನನಗೆ ಜಾಸ್ತಿ ಭಯ ಮಗುಮ್ಮಾಗಿ ಕೆಡುವ ಡಂಪ್‌ನದ್ದು. ಡಂಪನ್ನು ಪೈಪ್ (ಒಂದು ಪ್ರೋಗ್ರಾಂನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಹರಿಸುವ ದಾರಿ) ಮೂಲಕ ಜಿಜಿಪ್ ಎಂಬ ಫೈಲ್ ಕುಗ್ಗಿಸುವ ಪ್ರೋಗ್ರಾಂಗೆ ಕಳಿಸುವುದು ರೂಢಿ. ಪಾಸ್‌ವರ್ಡ್ ತಪ್ಪಾಗಿ ಡಂಪ್ ಶುರುವಿನಲ್ಲೇ ನಿಂತಿತು ಅನ್ನಿ. ಜಿಜಿಪ್‌ಗೆ ಬಂದದ್ದು ಏನೂ ಇಲ್ಲ. ಆ ‘ಏನೂ ಇಲ್ಲ’ವನ್ನೇ ಅದು ನಿಷ್ಠೆಯಿಂದ ಕುಗ್ಗಿಸಿ 20 ಬೈಟ್‌ನ ಫೈಲ್ ಮಾಡುತ್ತದೆ: 10 ಬೈಟ್ ತಲೆ, 2 ಬೈಟ್ ಒಡಲು, 8 ಬೈಟ್ ಬಾಲ. ಪೈಪ್‌ನಲ್ಲಿ ಕೊನೆಯ ಪ್ರೋಗ್ರಾಂ ಗೆದ್ದರೆ ಶೆಲ್ ಲೆಕ್ಕದಲ್ಲಿ ಎಲ್ಲವೂ ಗೆದ್ದಂತೆ. ಹೀಗಾಗಿ ಸ್ಕ್ರಿಪ್ಟ್ ಸೊನ್ನೆ ಹಿಂದಿರುಗಿಸುತ್ತದೆ. ಸೊನ್ನೆ ಅಂದರೆ ಯಶಸ್ಸು. ಫೋಲ್ಡರ್‌ನಲ್ಲಿ ದಿನಕ್ಕೊಂದು ಫೈಲ್ ಸೇರುತ್ತಾ ಹೋಗುತ್ತದೆ.

ಬ್ಯಾಶ್ ಎಂಬ ಶೆಲ್‌ನಲ್ಲಿ ‘ಪೈಪ್‌ಫೇಲ್’ ಆಯ್ಕೆ ಆನ್ ಮಾಡಿದರೆ ನಡುವೆ ಯಾರು ಬಿದ್ದರೂ ಗೊತ್ತಾಗುತ್ತದೆ. ಕ್ರಾನ್ ತಾನಾಗಿ ಕರೆಯುವುದು ಸಾದಾ ಶೆಲ್ಲನ್ನು, ಅದಕ್ಕೆ ಈ ಸೌಲಭ್ಯ ಇಲ್ಲದಿರಬಹುದು. ಹಾಗಾಗಿ ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲೇ ಬ್ಯಾಶ್ ಹೆಸರಿರಲಿ. ಡಂಪ್‌ನ ಕೊನೆಯ ಸಾಲನ್ನೂ ನೋಡಿ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಡಂಪ್ ಪೂರ್ತಿಯಾಗಿದ್ದರೆ ಅಲ್ಲಿ ‘ಡಂಪ್ ಕಂಪ್ಲೀಟೆಡ್’ ಎಂಬ ಟಿಪ್ಪಣಿ ಇರುತ್ತದೆ. ನಡುವೆ ಕಡಿದು ಬಿದ್ದಿದ್ದರೆ ಇರುವುದಿಲ್ಲ. ಟಿಪ್ಪಣಿಗಳೇ ಬೇಡ ಎಂದು ನೀವೇ ಆದೇಶದಲ್ಲಿ ಬರೆದಿದ್ದರೆ, ಈ ಗುರುತು ಸಿಗದು. ಮೊದಲು ಆ ಆಯ್ಕೆ ತೆಗೆಯಿರಿ.