ಫೋನಿಗೂ ಟಾರ್ಚಿಗೂ ಒಂದೇ ಪಥ್ಯ

ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಸೋದರಮಾವ ಫೋನಿಗೆ ಚಾರ್ಜರ್ ಸಿಕ್ಕಿಸುವುದು ಅದು ತಾನಾಗಿ ಆರಿಹೋದ ಮೇಲೆಯೇ. ‘ಪೂರ್ತಿ ಖಾಲಿಯಾಗಲಿ ಕಣಪ್ಪ, ಅರ್ಧದಲ್ಲಿ ಹಾಕಿದರೆ ಬ್ಯಾಟರಿಗೆ ಅದೇ ಅಭ್ಯಾಸವಾಗಿಬಿಡುತ್ತದೆ’ ಎನ್ನುತ್ತಾರೆ. ಅದೇ ಮಾವ, ರಾತ್ರಿ ಪಂಪ್‌ಸೆಟ್ ಹಾಕಲು ಒಯ್ಯುವ ಟಾರ್ಚನ್ನು ಬೆಳಕು ಮಂಕಾಗುವ ತನಕ ಉರಿಸಿ, ಹಾಗೆಯೇ ಕೊಟ್ಟಿಗೆಯ ಮೊಳೆಗೆ ನೇತುಹಾಕುತ್ತಾರೆ. ಮತ್ತೆ ರಾತ್ರಿ ಕರೆಂಟಿನ ಸರದಿ ಬಂದಾಗಲೇ ಅದರ ನೆನಪು.

ಮಾವನ ಮಾತಿಗೆ ಒಂದು ಕಾಲದಲ್ಲಿ ಆಧಾರವಿತ್ತು. ಹಳೆಯ ಕಾರ್ಡ್‌ಲೆಸ್ ಫೋನು, ಶೇವಿಂಗ್ ಯಂತ್ರಗಳಲ್ಲಿದ್ದ ನಿಕ್ಕಲ್–ಕ್ಯಾಡ್ಮಿಯಂ ಬ್ಯಾಟರಿಯನ್ನು ದಿನವೂ ಒಂದಿಷ್ಟೇ ಬಳಸಿ ಮತ್ತೆ ತುಂಬುತ್ತಿದ್ದರೆ, ಆ ಹಂತ ಮುಟ್ಟುತ್ತಲೇ ಅದರ ವೋಲ್ಟೇಜು ಕುಸಿದು ಖಾಲಿಯಾದಂತೆ ನಟಿಸುತ್ತಿತ್ತು. ಆಗೊಮ್ಮೆ ಈಗೊಮ್ಮೆ ಪೂರ್ತಿ ಬರಿದು ಮಾಡುವುದೇ ಮದ್ದು. 1991ರಲ್ಲಿ ಸೋನಿ ಕಂಪನಿ ಲಿಥಿಯಂ–ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಅದಕ್ಕೆ ತಳಹದಿ ಹಾಕಿದ ವಿಜ್ಞಾನಿಗಳಾದ ಗುಡೆನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಅವರಿಗೆ 2019ರಲ್ಲಿ ನೊಬೆಲ್ ಸಿಕ್ಕಿತು. ಇಂದಿನ ಫೋನುಗಳಲ್ಲಿರುವುದು ಇದೇ. ಅರ್ಧದಲ್ಲಿ ತುಂಬಿದರೆ ಇದಕ್ಕೆ ಅಂಥ ‘ಅಭ್ಯಾಸ’ವೇನೂ ಆಗುವುದಿಲ್ಲ. ಬ್ಯಾಟರಿ ಬದಲಾಯಿತು, ಪಥ್ಯ ಮಾತ್ರ ಹಳೆಯದೇ ಉಳಿಯಿತು. ಹೊಸ ಫೋನು ತಂದ ದಿನ ಎಂಟು ಗಂಟೆ ಚಾರ್ಜಿಗೆ ಹಾಕಿಡಬೇಕೆಂಬ ಅಂಗಡಿಯವರ ಉಪದೇಶವೂ ಅದೇ ಕಾಲದ್ದು.

ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡುವ ಬಗೆಯನ್ನು ಮಾವನಿಗೆ ಗದ್ದೆಯ ಬದುವಿನ ಮೇಲೆ ನಿಂತೇ ಹೇಳಿದೆ. ಗದ್ದೆ ಒಣಗಿದ್ದಾಗ ತೂಬನ್ನು ಪೂರ್ತಿ ತೆರೆದಿಡುತ್ತೇವೆ. ನೀರು ಬದುವಿನ ಮಟ್ಟಕ್ಕೆ ಬರುತ್ತಿದ್ದಂತೆ ಕಿರಿದು ಮಾಡುತ್ತೇವೆ, ಇಲ್ಲದಿದ್ದರೆ ಬದು ಒಡೆಯುತ್ತದೆ. ಫೋನಿನೊಳಗಿನ ಸರ್ಕ್ಯೂಟು ಮಾಡುವುದೂ ಇದನ್ನೇ. ಅಲ್ಲಿ ಬದುವಿನ ಎತ್ತರ ಸುಮಾರು 4.2 ವೋಲ್ಟ್, ಕೆಲವು ಫೋನುಗಳಲ್ಲಿ ತುಸು ಹೆಚ್ಚು. ಶುರುವಿನಲ್ಲಿ ದಡಬಡನೆ ಏರುವ ಚಾರ್ಜು ಕೊನೆಯಲ್ಲಿ ತೆವಳುವುದು ಅದಕ್ಕೇ. ತುಂಬಿದೊಡನೆ ತೂಬು ಮುಚ್ಚುವ ನೀರುಗಂಟಿಯೂ ಫೋನಿನೊಳಗೇ ಇದ್ದಾನೆ. ಹಾಗಾಗಿ ರಾತ್ರಿಯಿಡೀ ಸಿಕ್ಕಿಸಿಟ್ಟರೆ ಬ್ಯಾಟರಿ ‘ಉಕ್ಕಿ ಹರಿಯುವುದಿಲ್ಲ’. ಹೆಚ್ಚು ವ್ಯಾಟಿನ ಚಾರ್ಜರ್ ಕರೆಂಟನ್ನು ಬಲವಂತವಾಗಿ ತುರುಕುತ್ತದೆ ಎಂಬ ಭಯವೂ ಬೇಡ. ಎಷ್ಟು ಬೇಕೋ ಅಷ್ಟನ್ನೇ ಫೋನು ಎಳೆದುಕೊಳ್ಳುತ್ತದೆ. ರಸ್ತೆ ಬದಿಯ ಅಗ್ಗದ, ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತಿಲ್ಲದ ಚಾರ್ಜರಿನ ಮಾತು ಬೇರೆ. ಅದನ್ನು ನಾನಂತೂ ಮನೆಯೊಳಗೆ ಬಿಡುವುದಿಲ್ಲ.

ನಿಜವಾದ ಶತ್ರು ಬಿಸಿ. ತುಂಬಿದ ಬ್ಯಾಟರಿ ಬಿಸಿಯಲ್ಲಿ ಕೂತಷ್ಟೂ ಒಳಗಿನ ದ್ರಾವಣ ಅದರ ಒಂದು ಧ್ರುವವಾದ ಗ್ರಾಫೈಟಿನ ಮೇಲೆ ಪದರ ಕಟ್ಟುತ್ತಾ ಹೋಗುತ್ತದೆ. ಹಾಗೆ ಪದರದಲ್ಲಿ ಸಿಕ್ಕಿಕೊಂಡ ಲಿಥಿಯಂ ಮರಳಿ ಕೆಲಸಕ್ಕೆ ಬರುವುದಿಲ್ಲ. ಚಾರ್ಜಿಗೆ ಹಾಕಿದ ಫೋನನ್ನು ದಿಂಬಿನಡಿ ಇಡುವುದು, ಏಪ್ರಿಲ್ ಮಧ್ಯಾಹ್ನ ಮೊಪೆಡ್ಡಿನ ಹ್ಯಾಂಡಲ್ಲಿಗೆ ಕಟ್ಟಿ ಮಂಡ್ಯದವರೆಗೆ ಓಡಾಡುವುದು, ಹಾನಿ ಮಾಡುವುದು ಇವೆರಡೇ ಹೊರತು ಅರ್ಧ ಚಾರ್ಜಲ್ಲ. ಹಾಗೆಂದು ಫ್ರಿಜ್ಜಿನಲ್ಲಿಡಬೇಡಿ, ತೇವ ಸೇರಿಕೊಳ್ಳುತ್ತದೆ.

ಕಳೆದ ವರ್ಷ ನನ್ನ ಹಳೆಯ ಫೋನಿನ ಪರದೆ ಒಂದು ಅಂಚಿನಲ್ಲಿ ಎದ್ದು, ಸಂದಿಯಿಂದ ಬೆಳಕು ಇಣುಕುತ್ತಿತ್ತು. ಮೈಸೂರಿನ ರಿಪೇರಿ ಅಂಗಡಿಯ ಹುಡುಗ ಅದನ್ನು ಕಂಡವನೇ ಎದುರಿದ್ದ ಚಹಾ ಲೋಟವನ್ನು ಪಕ್ಕಕ್ಕೆ ಸರಿಸಿದ. ಪ್ಲಾಸ್ಟಿಕ್ ಪಟ್ಟಿಯನ್ನು ಅಂಟಿನ ಕೆಳಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ನುಗ್ಗಿಸಿದ. ಹೊರಬಂದ ಬ್ಯಾಟರಿ ಉದ್ದಿನ ಹಪ್ಪಳದಂತೆ ಉಬ್ಬಿತ್ತು. ಒಳಗೆ ತುಂಬಿದ್ದು ಗಾಳಿಯಲ್ಲ, ದ್ರಾವಣ ಕೊಳೆತು ಹುಟ್ಟಿದ ಅನಿಲ. ಅವನು ಅದನ್ನು ಮೇಜಿನಡಿಯ ಮರಳಿನ ಬಕೆಟ್ಟಿಗೆ ಇಳಿಸಿದ. ಚುಚ್ಚಿದರೆ ಹೊತ್ತಿಕೊಳ್ಳಬಹುದು. ಕಸದ ಗಾಡಿಗೆ ಹಾಕಿದರೆ ಅಲ್ಲಿ ಒತ್ತಡಕ್ಕೆ ಸಿಕ್ಕಿ ಅದೇ ಗತಿ. ಅದನ್ನು ಕೊಡಬೇಕಾದದ್ದು ಇ–ತ್ಯಾಜ್ಯ ಸಂಗ್ರಹಿಸುವವರಿಗೆ.

ಅಂದಹಾಗೆ, ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದಲ್ಲಿ ಸುಮಾರು 1,600 ಟನ್ ಲಿಥಿಯಂ ಇದೆಯೆಂದು ಪರಮಾಣು ಖನಿಜ ನಿರ್ದೇಶನಾಲಯ ಅಂದಾಜಿಸಿದೆ. ಸುದ್ದಿ ಕೇಳಿದ ಮಾವ ಹೊಲದ ಕಲ್ಲುಗಳನ್ನು ಅನುಮಾನದಿಂದ ನೋಡತೊಡಗಿದ್ದಾರೆ. ಒಂದು ಫೋನಿಗೆ ಬೇಕಾದದ್ದು ಒಂದೆರಡು ಗ್ರಾಂ ಅಷ್ಟೇ ಎಂದೆ. ಅವರ ಉತ್ಸಾಹ ತುಸು ಇಳಿಯಿತು.

ಆಮೇಲೆ ಕೊಟ್ಟಿಗೆಯ ಟಾರ್ಚ್ ಬಿಚ್ಚಿದೆವು. ಒಳಗಿದ್ದದ್ದು ಪುಟ್ಟ ಸೀಸ–ಆಮ್ಲದ ಬ್ಯಾಟರಿ, ಮನೆಯ ಯುಪಿಎಸ್ ಬ್ಯಾಟರಿಯ ಚಿಕ್ಕ ತಮ್ಮ. ಇದರ ಸ್ವಭಾವ ಫೋನಿನದಕ್ಕೆ ತದ್ವಿರುದ್ಧ: ಸದಾ ತುಂಬಿರಬೇಕು. ಖಾಲಿ ಬಿಟ್ಟರೆ ಸೀಸದ ತಗಡಿನ ಮೇಲೆ ಸಲ್ಫೇಟ್ ಹರಳುಗಟ್ಟಿ, ಮತ್ತೆ ಚಾರ್ಜ್ ಹಿಡಿಯುವುದೇ ಇಲ್ಲ. ಫೋನನ್ನಾದರೋ ತಿಂಗಳುಗಟ್ಟಲೆ ಎತ್ತಿಡುವುದಿದ್ದರೆ ಅರ್ಧ ತುಂಬಿಸಿ ತಣ್ಣಗಿನ ಜಾಗದಲ್ಲಿಡಬೇಕು.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಹಾಗಾದರೆ ಟ್ರ್ಯಾಕ್ಟರಿನದು?’

‘ಅದೂ ಸೀಸದ್ದೇ, ಮಾವ.’

ಕಬ್ಬು ಸಾಗಿಸಿದ ಮೇಲೆ ಟ್ರ್ಯಾಕ್ಟರ್ ಮೂರು ವಾರದಿಂದ ಹುಣಸೆಮರದಡಿ ನಿಂತಿತ್ತು. ಮಾವ ಬೀಗದ ಕೈ ಹುಡುಕಲು ಒಳಗೆ ಹೋದರು.